ರೊಟ್ಟಿ ದುಂಡಗೆ, ಡಬ್ಬ ಚೌಕ: ಮನೆಯಿಂದ ಆನ್‌ಲೈನ್ ವ್ಯಾಪಾರ ಕಟ್ಟುವವರಿಗೆ

ನಾನು ಮಾರಿದ ಮೊದಲ ಪಾರ್ಸಲ್ ದಾರಿಯಲ್ಲೇ ನುಚ್ಚಾಯಿತು. ವಿಜಯಪುರದಿಂದ ಬೆಂಗಳೂರಿಗೆ ಕಳಿಸಿದ 25 ಖಡಕ್ ರೊಟ್ಟಿಗಳಲ್ಲಿ ಇಡಿಯಾಗಿ ತಲುಪಿದ್ದು ನಾಲ್ಕು. ಗಿರಾಕಿ ಒಳ್ಳೆಯ ಹೆಣ್ಣುಮಗಳು. "ಇರಲಿ ಬಿಡಿ ಅಕ್ಕಾ, ಮೊಸರಿನಲ್ಲಿ ನೆನೆಸಿಕೊಂಡು ತಿಂದೆವು" ಎಂದು ಫೋನ್ ಮಾಡಿ ಹೇಳಿದರು. ಆದರೆ ಮತ್ತೊಮ್ಮೆ ತರಿಸಿಕೊಳ್ಳಲಿಲ್ಲ. ಅವರು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆನ್‌ಲೈನ್ ವ್ಯಾಪಾರ ಎಂದೊಡನೆ ನಮ್ಮ ಕಡೆಯ ಹುಡುಗರು ಮೊದಲು ಕೇಳುವುದು ಫಾಲೋವರ್‌ಗಳನ್ನು ಹೆಚ್ಚಿಸುವುದು ಹೇಗೆ ಎಂದು. ನನ್ನ ಅನುಭವದಲ್ಲಿ ಈ ವ್ಯಾಪಾರ ಗೆಲ್ಲುವುದೂ ಸೋಲುವುದೂ ಮೊಬೈಲಿನಲ್ಲಿ ಅಲ್ಲ, ರಟ್ಟಿನ ಡಬ್ಬದಲ್ಲಿ. ಒಳಗೆ ಏನು ಹೋಯಿತು, ಅದಕ್ಕೆ ಎಷ್ಟು ತೂಕ ಬಿತ್ತು, ಎಷ್ಟು ವಾಪಸ್ ಬಂತು, ಅದೇ ಮನೆಯಿಂದ ಮತ್ತೆ ಯಾವಾಗ ಕರೆ ಬಂತು ಎಂಬ ನಾಲ್ಕು ಲೆಕ್ಕ ನೆಟ್ಟಗಿದ್ದರೆ ಉಳಿದದ್ದು ತಾನಾಗಿ ಕೂಡಿ ಬರುತ್ತದೆ. ಇಲ್ಲಿ ನಾನು ರೊಟ್ಟಿ ಮತ್ತು ಹಿಂಡಿಯ (ಚಟ್ನಿಪುಡಿಯ) ಉದಾಹರಣೆಯನ್ನೇ ಹಿಡಿದು ಹೋಗುತ್ತೇನೆ, ಏಕೆಂದರೆ ಕೈ ಸುಟ್ಟುಕೊಂಡದ್ದು ಅದರಲ್ಲೇ. ಇಳಕಲ್ ಸೀರೆ, ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಅಮೀನಗಡದ ಕರದಂಟು, ಮಹಾಲಿಂಗಪುರದ ಬೆಲ್ಲ, ತಿಕೋಟಾದ ಒಣದ್ರಾಕ್ಷಿ, ಯಾವುದನ್ನು ಮಾರಿದರೂ ಹೆಜ್ಜೆಗಳು ಹೆಚ್ಚುಕಡಿಮೆ ಇವೇ.

ಮೊದಲ ಹೆಜ್ಜೆ: ಐದು ದಿನ ತಾಳುವ ವಸ್ತು

ಮಾರಲು ಏನನ್ನು ಆರಿಸಬೇಕು ಎಂಬುದಕ್ಕೆ ನನ್ನದು ಎರಡೇ ಪ್ರಶ್ನೆ. ಮೇ ತಿಂಗಳ ಬಿಸಿಲಿನಲ್ಲಿ ಗೋದಾಮಿನಲ್ಲಿ ಐದು ದಿನ ಬಿದ್ದಿದ್ದರೂ ಅದು ಕೆಡದೆ ಇರುತ್ತದೆಯೇ? ಊರು ಬಿಟ್ಟು ಹೋದವರು ಅದನ್ನು ನೆನೆಸಿಕೊಂಡು ಹಂಬಲಿಸುತ್ತಾರೆಯೇ? ಎರಡಕ್ಕೂ ಹೌದು ಎನ್ನಬೇಕು. ಬೆಳಗಾವಿಯ ಕುಂದಾಕ್ಕೆ ಹಂಬಲಿಸುವವರು ಬೇಕಾದಷ್ಟಿದ್ದಾರೆ, ಆದರೆ ಅದು ಹಾಲಿನ ಪದಾರ್ಥ, ಹೊಸಬರು ಅದರಿಂದ ಶುರು ಮಾಡಬಾರದು. ಕರದಂಟು ತಾಳುತ್ತದೆ. ಚಳಿಗಾಲದ ಸೀತನಿಯನ್ನು (ಸುಟ್ಟ ಎಳೆ ಜೋಳದ ಕಾಳನ್ನು) ಕಳಿಸಿ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಅದನ್ನು ಹೊಲದ ಬದುವಿನಲ್ಲಿ ಕುಳಿತೇ ತಿನ್ನಬೇಕು, ಅದು ಕೊರಿಯರಿನ ಮಾಲಲ್ಲ.

ಸೀರೆ ಮಾರುವವರಿಗೆ ಕೆಡುವ ಭಯವಿಲ್ಲ, ವಾಪಸಾತಿಯ ಭಯವಿದೆ. ಮೊಬೈಲಿನಲ್ಲಿ ಕಂಡ ಬಣ್ಣವೇ ಬೇರೆ, ಬಂದ ಬಣ್ಣವೇ ಬೇರೆ ಎಂಬುದು ಮೊದಲ ತಕರಾರು. ಬೆಳಗಿನ ಬೆಳಕಿನಲ್ಲಿ, ಬಾಗಿಲ ಬಳಿ ನೆರಳಿನಲ್ಲಿ ಚಿತ್ರ ತೆಗೆಯಿರಿ. ಅಂಚಿನ ವಿನ್ಯಾಸ ಗೋಮಿಯೋ ಚಿಕ್ಕಿಪರಾಸೋ ಹತ್ತಿರದಿಂದ ತೋರಿಸಿ. ಇಳಕಲ್ ಸೀರೆಯಲ್ಲಿ ಮೈಯ ಹಾಸು ದಾರಗಳನ್ನೂ ಸೆರಗಿನ ಹಾಸು ದಾರಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿರುತ್ತಾರಲ್ಲ, ಆ ಕೂಡಿಕೆಯ ಗೆರೆಯದೇ ಒಂದು ಚಿತ್ರ ಇರಲಿ. ಬಲ್ಲವರು ಮೊದಲು ನೋಡುವುದು ಅದನ್ನೇ. ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ ಎಂಬುದನ್ನು ಬೆಲೆಗಿಂತ ಮೇಲೆ ಬರೆಯಿರಿ. ವಿದ್ಯುತ್ ಮಗ್ಗದ ಸೀರೆ ಮಾರುವುದು ತಪ್ಪಲ್ಲ, ಅದನ್ನು ಕೈಮಗ್ಗದ್ದೆಂದು ಮಾರುವುದು ತಪ್ಪು. ಆ ಒಂದು ಸುಳ್ಳಿನಿಂದ ಊರಿನ ಹೆಸರೇ ಕೆಡುತ್ತದೆ.

ಆರಂಭದಲ್ಲಿ ಒಂದೇ ವಸ್ತು ಸಾಕು. ಹತ್ತು ಬಗೆ ಇಟ್ಟರೆ ಹತ್ತರಲ್ಲಿಯೂ ಅರೆಬರೆ.

ಎರಡನೆಯ ಹೆಜ್ಜೆ: ಬಂಧುಗಳಲ್ಲದ ಇಪ್ಪತ್ತು ಮಂದಿ

ಅತ್ತೆ, ಮಾವ, ಸೋದರಮಾವನ ಮಗಳು, ಇವರೆಲ್ಲ ನೀವು ಕಳಿಸಿದ್ದನ್ನು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಅವರ ಮಾತು ಪ್ರೀತಿಯದು, ಲೆಕ್ಕಕ್ಕೆ ಬಾರದು. ಪರಿಚಯಸ್ಥರ ಪರಿಚಯಸ್ಥರಲ್ಲಿ ಇಪ್ಪತ್ತು ಮಂದಿಯನ್ನು ಹುಡುಕಿ, ಪೂರ್ತಿ ಬೆಲೆಗೆ ಮಾರಿ. ಉಚಿತ ಮಾದರಿ ಹಂಚಬೇಡಿ. ರೊಕ್ಕ ಕೊಟ್ಟವರೇ ನಿಜವಾದ ದೂರು ಹೇಳುತ್ತಾರೆ. ನನ್ನ ಮೊದಲ ಇಪ್ಪತ್ತರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ಕಡೆಯವರು, ಐದು ಮಂದಿ ಪುಣೆಯವರು. ಎರಡನೆಯ ಬಾರಿ ತಾವಾಗಿಯೇ ಕೇಳಿದವರು ಏಳು. ಈ ಏಳು ಎಂಬ ಅಂಕಿ ನನಗೆ ಧೈರ್ಯ ಕೊಟ್ಟಿತು. ಇಪ್ಪತ್ತರಲ್ಲಿ ಒಬ್ಬರೋ ಇಬ್ಬರೋ ಮರಳಿದರೆ ವಸ್ತುವಿನಲ್ಲಿ, ಬೆಲೆಯಲ್ಲಿ ಅಥವಾ ಕಟ್ಟುವುದರಲ್ಲಿ ಏನೋ ಐಬಿದೆ ಎಂದು ತಿಳಿಯಿರಿ. ಜಾಹೀರಾತಿಗೆ ಸುರಿದ ಹಣ ಆ ಐಬನ್ನು ಮುಚ್ಚುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಹೆಸರು, ಪಿನ್‌ಕೋಡ್, ಏನು, ಎಷ್ಟು, ಕೊರಿಯರ್ ಖರ್ಚು, ಯಾವ ಸ್ಥಿತಿಯಲ್ಲಿ ತಲುಪಿತು, ಮತ್ತೆ ಯಾವಾಗ ಕೇಳಿದರು. ಈ ಕೊನೆಯ ಕಾಲಮನ್ನು ಯಾರೂ ಇಡುವುದಿಲ್ಲ. ಅದೇ ಮುಖ್ಯವಾದದ್ದು.

ಕಳಿಸುವ ಮೊದಲು ಒಂದು ಪರೀಕ್ಷೆ: ಕಟ್ಟಿದ ಡಬ್ಬವನ್ನು ಸೊಂಟದ ಎತ್ತರದಿಂದ ಆರೂ ಮಗ್ಗುಲಿಗೆ ಒಂದೊಂದು ಬಾರಿ ಕೆಳಗೆ ಬಿಡಿ. ಮನೆಯವರು ಹುಚ್ಚು ಹಿಡಿಯಿತೇ ಎನ್ನುತ್ತಾರೆ. ಕೊರಿಯರಿನ ಲಾರಿಯಲ್ಲಿ ಅದಕ್ಕಿಂತ ಹೆಚ್ಚೇ ಆಗುತ್ತದೆ.

ಮೂರನೆಯ ಹೆಜ್ಜೆ: ಡಬ್ಬದ ಲೆಕ್ಕ

ಎರಡು ವರ್ಷ ನಾನು ನಷ್ಟ ಮಾಡಿಕೊಂಡದ್ದು ಇದೇ ಜಾಗದಲ್ಲಿ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಕೊರಿಯರಿನವರು ತಕ್ಕಡಿಯ ತೂಕಕ್ಕಷ್ಟೇ ಹಣ ಕೇಳುವುದಿಲ್ಲ. ಡಬ್ಬದ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದ ಅಂಕಿಯನ್ನು ಕಿಲೋ ಎಂದು ಹಿಡಿಯುತ್ತಾರೆ. ಇದು ಗಾತ್ರದ ತೂಕ. ತಕ್ಕಡಿಯ ತೂಕ, ಗಾತ್ರದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಅದೂ ಅರ್ಧ ಕಿಲೋದ ಮೆಟ್ಟಿಲುಗಳಲ್ಲಿ. ಹತ್ತು ಗ್ರಾಂ ಮೀರಿದರೂ ಮುಂದಿನ ಮೆಟ್ಟಿಲು.

ರೊಟ್ಟಿ ಹಗುರ, ಆದರೆ ಜಾಗ ಬೇಡುತ್ತದೆ. ನಮ್ಮ 25 ಖಡಕ್ ರೊಟ್ಟಿಗಳ ತೂಕ, ಒಂದಕ್ಕೆ 35 ಗ್ರಾಂನಂತೆ, 875 ಗ್ರಾಂ. ಡಬ್ಬ, ಕಾಗದ ಎಲ್ಲ ಸೇರಿ 1.1 ಕಿಲೋ. ಮೊದಲು ನಾನು ಮಾರುಕಟ್ಟೆಯಲ್ಲಿ ಸಿಕ್ಕ 30 ಸೆಂ.ಮೀ. ಉದ್ದ, 30 ಅಗಲ, 15 ಎತ್ತರದ ಡಬ್ಬ ತರುತ್ತಿದ್ದೆ. ಗುಣಿಸಿದರೆ 13,500, ಭಾಗಿಸಿದರೆ 2.7. ಅಂದರೆ ಒಂದು ಕಿಲೋ ರೊಟ್ಟಿಗೆ ಮೂರು ಕಿಲೋದ ದರ ಕೊಡುತ್ತಿದ್ದೆ. ಖಾಲಿ ಜಾಗಕ್ಕೆ ಬಾಡಿಗೆ ಕಟ್ಟಿ, ಅದೇ ಖಾಲಿ ಜಾಗದಲ್ಲಿ ರೊಟ್ಟಿ ಕುಣಿದು ಒಡೆಯುವುದಕ್ಕೂ ಅವಕಾಶ ಮಾಡಿಕೊಟ್ಟಿದ್ದೆ.

ಈಗಿನ ಡಬ್ಬ 26, 26, 12. ಗುಣಿಸಿದರೆ 8,112, ಗಾತ್ರದ ತೂಕ 1.62, ದರ ಎರಡು ಕಿಲೋಕ್ಕೆ. ರೊಟ್ಟಿಯನ್ನು 24 ಸೆಂ.ಮೀ.ಗೆ ನಿಲ್ಲಿಸಿದೆವು. ಅಳತೆ ಕೊಟ್ಟು ಡಬ್ಬ ಮಾಡಿಸಲು ಕನಿಷ್ಠ ನೂರಾರು ಡಬ್ಬ ಒಟ್ಟಿಗೆ ತೆಗೆದುಕೊಳ್ಳಿ ಎನ್ನುತ್ತಾರೆ. ಮೊದಲ ತಿಂಗಳಲ್ಲೇ ಬೇಡ, ಇಪ್ಪತ್ತು ಪಾರ್ಸಲ್ ದಾಟಿದ ಮೇಲೆ ಧೈರ್ಯವಾಗಿ ಮಾಡಿಸಿ.

ಈಗ ರೊಕ್ಕದ ಲೆಕ್ಕ. ನನ್ನ ಅಂಕಿಗಳು ಇವು, ನಿಮ್ಮವು ಬೇರೆ ಇರಬಹುದು. ರೊಟ್ಟಿಗೆ, ಒಂದಕ್ಕೆ 6 ರೂಪಾಯಿಯಂತೆ, 150. ಡಬ್ಬ, ಒಳಗಿನ ಚೀಲ, ಟೇಪು 40. ಕೊರಿಯರ್ 120. ಕಟ್ಟುವ ಕೂಲಿ 20. ಒಡೆದು ಮತ್ತೆ ಕಳಿಸಬೇಕಾದದ್ದಕ್ಕೆಂದು ತೆಗೆದಿಡುವುದು 10. ಒಟ್ಟು 340. ಮಾರುವುದು 360ಕ್ಕೆ. ಉಳಿದದ್ದು 20 ರೂಪಾಯಿ. ಅದೇ ದೊಡ್ಡ ಡಬ್ಬದಲ್ಲಾದರೆ ಕೊರಿಯರ್ 170 ಆಗಿ, ಪ್ರತಿ ಪಾರ್ಸಲಿಗೆ ಕೈಯಿಂದ 30 ಹೋಗುತ್ತಿತ್ತು. ಆರ್ಡರ್ ಹೆಚ್ಚಾದಷ್ಟೂ ನಷ್ಟ ಹೆಚ್ಚು. ಆಗ ನಾನು ಪ್ರತಿ ತಿಂಗಳು ಹೆಚ್ಚು ಮಾರುತ್ತಿದ್ದೇನೆಂದು ಹಿಗ್ಗುತ್ತಿದ್ದೆ.

ಇಪ್ಪತ್ತು ರೂಪಾಯಿಗೆ ಯಾರು ವ್ಯಾಪಾರ ಮಾಡುತ್ತಾರೆ? ದಾರಿ ಕಂಡದ್ದು ಡಬ್ಬದ ಮೂಲೆಯಲ್ಲಿ. ರೊಟ್ಟಿ ದುಂಡಗೆ, ಡಬ್ಬ ಚೌಕ. ನಾಲ್ಕು ಮೂಲೆಗಳೂ ಖಾಲಿ. ಅಲ್ಲಿ ಹಳೆಯ ಪತ್ರಿಕೆ ಮುದುಡಿ ತುರುಕುತ್ತಿದ್ದೆವು. ಒಂದು ದಿನ ಪತ್ರಿಕೆ ತೀರಿತ್ತು, ವೈನಿ (ಅತ್ತಿಗೆ) ಶೇಂಗಾ ಹಿಂಡಿಯ 100 ಗ್ರಾಂ ಪೊಟ್ಟಣವನ್ನು ಉದ್ದಕ್ಕೆ ಸುತ್ತಿ ಮೂಲೆಗೆ ಇಳಿಸಿದರು. ಅಳತೆ ತೆಗೆದು ಹೊಲಿದಂತೆ ಕುಳಿತಿತು. ನಾಲ್ಕು ಮೂಲೆಗೆ ನಾಲ್ಕು ಪೊಟ್ಟಣ: ಶೇಂಗಾ, ಗುರೆಳ್ಳು (ಹುಚ್ಚೆಳ್ಳು), ಅಗಸಿ, ಪುಟಾಣಿ (ಹುರಿಗಡಲೆ). ತಕ್ಕಡಿಯ ತೂಕ ಒಂದೂವರೆ ಕಿಲೋದ ಮೇಲೆ ಹೋಯಿತು, ಆದರೆ ಎರಡು ಕಿಲೋದ ದರವನ್ನು ಹೇಗೂ ಕೊಟ್ಟಾಗಿತ್ತು. ಹಿಂಡಿಗೆ ಕೊರಿಯರ್ ಖರ್ಚು ಸೊನ್ನೆ. ಒಂದು ಪೊಟ್ಟಣಕ್ಕೆ ನಮಗೆ ಬೀಳುವುದು 30, ಮಾರುವುದು 55. ನಾಲ್ಕಕ್ಕೆ 100 ರೂಪಾಯಿ ಉಳಿತಾಯ. ಮೇಲಾಗಿ ರೊಟ್ಟಿ ಅಲುಗಾಡದೆ ನಿಂತಿತು, ಒಡೆಯುವುದು ಕಡಿಮೆಯಾಯಿತು.

ನಿಮ್ಮ ವಸ್ತುವಿಗೂ ಇಂಥ ಒಂದು ಮೂಲೆ ಇದ್ದೇ ಇರುತ್ತದೆ. ಇಳಕಲ್ ಸೀರೆಯ ಮಡಿಕೆಯೊಳಗೆ ಒಂದು ಖಣ ಹೋಗುತ್ತದೆ, ತೂಕದ ಮೆಟ್ಟಿಲು ದಾಟುವುದಿಲ್ಲ. ಕರದಂಟಿನ ಡಬ್ಬದ ಮೇಲೆ ಒಣದ್ರಾಕ್ಷಿಯ ಚಪ್ಪಟೆ ಪೊಟ್ಟಣ ಕೂರುತ್ತದೆ. ಗಿರಾಕಿಯನ್ನು ಕರೆತರುವ ವಸ್ತು ಒಂದು, ಲಾಭ ತರುವ ವಸ್ತು ಇನ್ನೊಂದು.

ಕಟ್ಟುವಾಗ ಮಳೆಗಾಲದ ಎಚ್ಚರ: ರೊಟ್ಟಿ ಪೂರ್ತಿ ಆರದೆ ಚೀಲಕ್ಕೆ ಹಾಕಿದರೆ ಒಳಗೆ ಬೆವರುತ್ತದೆ, ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಹಿಂದಿನ ದಿನ ಬಡಿದದ್ದನ್ನು ಇಂದು ಕಟ್ಟುವುದು ನಮ್ಮ ನಿಯಮ, ಬಿಸಿರೊಟ್ಟಿ ಡಬ್ಬ ಸೇರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಕಾಗದಪತ್ರ

ತಿನ್ನುವ ವಸ್ತುವಾದರೆ ಮೊದಲು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ. ಫಾಸ್ಕಾಸ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಮನೆಯಲ್ಲಿ ತಯಾರಿಸುವವರಿಗೂ ಇದು ಬೇಕು. 14 ಅಂಕಿಯ ಸಂಖ್ಯೆ ಬರುತ್ತದೆ, ಅದನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಜೊತೆಗೆ ಪದಾರ್ಥಗಳ ಪಟ್ಟಿ, ಹೆಚ್ಚು ಇರುವುದು ಮೊದಲು. ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನ, ಎಲ್ಲಿಯವರೆಗೆ ಬಳಸಬಹುದು, ಬ್ಯಾಚ್ ಸಂಖ್ಯೆ, ಪೂರ್ತಿ ವಿಳಾಸ, ದೂರು ಹೇಳಲು ಫೋನ್, ಹಸಿರು ಚುಕ್ಕೆ. ಶೇಂಗಾ ಇರುವ ಹಿಂಡಿಯ ಮೇಲೆ ಶೇಂಗಾ ಇದೆ ಎಂದು ಅಲರ್ಜಿಯ ಸೂಚನೆ ಪ್ರತ್ಯೇಕವಾಗಿ ಇರಲಿ. ಶೇಂಗಾ ಹಿಂಡಿಯಲ್ಲಿ ಶೇಂಗಾ ಇದೆ ಎಂದು ಬರೆಯಬೇಕೇ ಎಂದು ನಾನೂ ನಕ್ಕಿದ್ದೆ. ಪುಟಾಣಿ ಹಿಂಡಿಯನ್ನೂ ಅದೇ ಮಿಕ್ಸರಿನಲ್ಲಿ ಬೀಸುತ್ತೇವೆ ಎಂಬುದು ನೆನಪಾದ ಮೇಲೆ ನಗು ನಿಂತಿತು.

ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ. ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಸಾವಿರ, ಎರಡು ಸಾವಿರ ಕೇಳುತ್ತವೆ; ವಿಳಾಸದ ಕೊನೆಯಲ್ಲಿ ಸರ್ಕಾರಿ ತಾಣದ ಗುರುತಾದ .gov.in ಇದೆಯೇ ನೋಡಿಕೊಳ್ಳಿ. ವ್ಯಾಪಾರಕ್ಕೆಂದೇ ಬೇರೆ ಬ್ಯಾಂಕ್ ಖಾತೆ, ಬೇರೆ ಸಿಮ್. ಮನೆಯ ಖರ್ಚೂ ವ್ಯಾಪಾರದ ಹಣವೂ ಒಂದೇ ಖಾತೆಯಲ್ಲಿ ಬೆರೆತರೆ ಯಾವ ಲೆಕ್ಕಪರಿಶೋಧಕರೂ ಬಿಡಿಸಲಾರರು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ರಾಜ್ಯದ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂಬ ಚೀಟಿ ಅಂಟಿಸಿದರು. ಕ್ಯೂಆರ್ ಕಿತ್ತರೆ ಹಳೆಯ ವಹಿವಾಟು ಅಳಿಯುವುದಿಲ್ಲ. ಯಾವುದು ಮಾರಾಟ, ಯಾವುದು ತಮ್ಮ ಕಳಿಸಿದ ಕೈಗಡ ಎಂದು ತೋರಿಸಬಲ್ಲವರು ಹೆದರುವ ಕಾರಣವಿಲ್ಲ.

ಜಿಎಸ್‌ಟಿ ವಿಷಯದಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಎಂಬ ನಮ್ಮ ಮೂರು ಜಿಲ್ಲೆಗಳವರು ಮೈಸೂರಿನವರಿಗಿಂತ ಹೆಚ್ಚು ಎಚ್ಚರವಾಗಿರಬೇಕು. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಬೇಡ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದು ರಾಜ್ಯದೊಳಗಿನ ಮಾತು. ತೆರಿಗೆ ಇರುವ ಸರಕನ್ನು ರಾಜ್ಯದ ಗಡಿ ದಾಟಿಸಿ ಮಾರಿದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ವಿಜಯಪುರಕ್ಕೆ ಹುಬ್ಬಳ್ಳಿಗಿಂತ ಸೊಲ್ಲಾಪುರ ಹತ್ತಿರ. ಬೆಳಗಾವಿಯವರಿಗೆ ಕೊಲ್ಹಾಪುರ ಪಕ್ಕದ ಮನೆ. ಗಿರಾಕಿಗಳು ಅಲ್ಲಿಯೇ ಇದ್ದಾರೆ, ಗಡಿ ಮಾತ್ರ ನಡುವೆ ಇದೆ.

ನಮ್ಮ ಡಬ್ಬದಲ್ಲಿ ಇದು ಹೇಗೆ ಕೂರುತ್ತದೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗಳ ಮೇಲೆ ತೆರಿಗೆ ಇಲ್ಲ. ಬರೀ ರೊಟ್ಟಿಯನ್ನು ಪುಣೆಗೆ ಕಳಿಸುವವರಿಗೆ ನೋಂದಣಿಯ ಗೊಡವೆ ಇಲ್ಲ. ಆದರೆ ಮೂಲೆಯಲ್ಲಿ ಕುಳಿತ ಚಟ್ನಿಪುಡಿಗೆ 5 ಶೇಕಡಾ ಇದೆ. ಆ 100 ಗ್ರಾಂ ಪೊಟ್ಟಣ ಗಡಿಯ ನಿಪ್ಪಾಣಿ ದಾಟಿದೊಡನೆ ನೀವು ನೋಂದಾಯಿತರಾಗಿರಬೇಕು. ಇನ್ನೂ ಒಂದು ಸೂಕ್ಷ್ಮ: ರೊಟ್ಟಿಯನ್ನೂ ಹಿಂಡಿಯನ್ನೂ ಸೇರಿಸಿ ಒಂದೇ ಬೆಲೆಗೆ ಮಾರಿದರೆ ಇಡೀ ಕಟ್ಟಿಗೆ ಹೆಚ್ಚಿನ ದರವೇ ಬೀಳುವ ಸಂಭವವಿದೆ. ಬಿಲ್ಲಿನಲ್ಲಿ ರೊಟ್ಟಿಗೆ ಒಂದು ಸಾಲು, ಹಿಂಡಿಗೆ ಒಂದು ಸಾಲು, ಬೇರೆ ಬೇರೆ ಬೆಲೆ. ಒಂದು ಬಾರಿ ತೆರಿಗೆ ಸಲಹೆಗಾರರ ಬಳಿ ಕುಳಿತು ನಿಮ್ಮ ವಸ್ತುವಿಗೆ ತಕ್ಕಂತೆ ಇದನ್ನು ಖಚಿತ ಮಾಡಿಕೊಳ್ಳಿ. ಆ ಶುಲ್ಕಕ್ಕೆ ಜಿಪುಣತನ ಬೇಡ. ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದಲ್ಲಿ ಜಿಎಸ್‌ಟಿ ಕಟ್ಟುವುದು, ಸುಲಭವೆಂದು ಯಾರಾದರೂ ಹೇಳಿದರೆ ನೆನಪಿಡಿ, ಅದರಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ.

ಐದನೆಯ ಹೆಜ್ಜೆ: ಅಂಗಡಿ ತೆರೆಯುವುದು, ಹಣ ಪಡೆಯುವುದು

ಮೊದಲ ವರ್ಷಕ್ಕೆ ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು. ಉಚಿತ. ಕ್ಯಾಟಲಾಗ್‌ನಲ್ಲಿ ವಸ್ತು, ಬೆಲೆ, ತೂಕ ಹಾಕಬಹುದು. ಹೊಸ ಆರ್ಡರ್, ಹಣ ಬಂದಿದೆ, ಕಳಿಸಲಾಗಿದೆ ಎಂದು ಗುರುತು ಹಚ್ಚಬಹುದು. ಇನ್‌ಸ್ಟಾಗ್ರಾಂ ಎಂಬುದು ಕಿಟಕಿ, ವಾಟ್ಸ್‌ಆ್ಯಪ್ ಗಲ್ಲಾಪೆಟ್ಟಿಗೆ. ಕಿಟಕಿಯಲ್ಲಿ ಏನನ್ನು ತೋರಿಸಬೇಕು? ನಮ್ಮಲ್ಲಿ ಹೆಚ್ಚು ಜನ ನೋಡಿದ ವಿಡಿಯೊದಲ್ಲಿ ಮುಖವಿಲ್ಲ, ಸಂಗೀತವಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮತ್ತು ಹಂಚಿನ ಮೇಲೆ ಒದ್ದೆ ಬಟ್ಟೆ ಸವರಿದಾಗ ಏಳುವ ಆವಿ, ಅಷ್ಟೇ. ಕನ್ನಡದಲ್ಲೇ ಬರೆಯಿರಿ.

ಜಾಹೀರಾತಿಗೆ ಹಣ ಹಾಕುವುದಾದರೆ ದಿನಕ್ಕೆ 150 ರೂಪಾಯಿಯಂತೆ ಐದು ದಿನ, ಒಂದೇ ಊರಿಗೆ. 750 ರೂಪಾಯಿಗೆ ಐದು ಹೊಸ ಗಿರಾಕಿಗಳು ಬಂದರೆ ತಲೆಗೆ 150 ಬಿತ್ತು. ಮೊದಲ ಪಾರ್ಸಲಿನಲ್ಲಿ ಉಳಿಯುವುದು 120. ಅಂದರೆ ಆ ಗಿರಾಕಿ ಎರಡನೆಯ ಬಾರಿ ಬಂದರೆ ಮಾತ್ರ ನಿಮಗೆ ಲಾಭ. ನೋಟ್‌ಬುಕ್ಕಿನ ಕೊನೆಯ ಕಾಲಮು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಹಣ ಮೊದಲು, ಪಾರ್ಸಲ್ ಆಮೇಲೆ. ತಿನ್ನುವ ವಸ್ತುವಿಗೆ ಸಿಒಡಿ (ಪಾರ್ಸಲ್ ಕೈಸೇರಿದಾಗ ಹಣ) ಬೇಡವೇ ಬೇಡ. ಬಾಗಿಲಿನಿಂದ ವಾಪಸ್ ಬಂದ ರೊಟ್ಟಿಯನ್ನು ಮತ್ತೊಬ್ಬರಿಗೆ ಮಾರಲಾಗದು, ಹೋಗುವ ಕೊರಿಯರೂ ಬರುವ ಕೊರಿಯರೂ ನಿಮ್ಮ ತಲೆಗೇ. ಸೀರೆಗೆ ಸಿಒಡಿ ಕೊಡಲೇಬೇಕಾದರೆ ಕೊರಿಯರ್ ಖರ್ಚಿನಷ್ಟನ್ನಾದರೂ ಮುಂಗಡ ಪಡೆಯಿರಿ. ನೂರು ರೂಪಾಯಿ ಕೊಟ್ಟವರು ಬಾಗಿಲು ತೆರೆಯುತ್ತಾರೆ.

ಹಣ ಬಂದಿದೆ ಎಂಬ ಸ್ಕ್ರೀನ್‌ಶಾಟ್ ನೋಡಿ ಪಾರ್ಸಲ್ ಕಳಿಸಬೇಡಿ, ಖಾತೆಯಲ್ಲಿ ನೋಡಿ. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು 500 ರೊಟ್ಟಿಯ ಆರ್ಡರ್ ಕೊಟ್ಟು, ಹಣ ಹಾಕಲು ಕ್ಯೂಆರ್ ಕಳಿಸಿ ಸ್ಕ್ಯಾನ್ ಮಾಡಿ ಎನ್ನುವ ಕರೆ ನನಗೂ ಬಂದಿದೆ. ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಿಲ್ಲ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆರನೆಯ ಹೆಜ್ಜೆ: ದೂರು ಬಂದ ದಿನ

ಒಡೆದ ರೊಟ್ಟಿಯ ಚಿತ್ರ ಬಂದರೆ ಕೊರಿಯರಿನವರನ್ನು ಬೈಯುತ್ತಾ ಕೂರಬೇಡಿ. ಗಿರಾಕಿ ಹಣ ಕೊಟ್ಟದ್ದು ನಿಮಗೆ. ಐದಕ್ಕಿಂತ ಹೆಚ್ಚು ಒಡೆದಿದ್ದರೆ ಮುಂದಿನ ಪಾರ್ಸಲಿನಲ್ಲಿ ಅಷ್ಟೇ ಹೆಚ್ಚು ಇಡುವುದು, ಪೂರ್ತಿ ಹೋಗಿದ್ದರೆ ಹಣ ಮರಳಿಸುವುದು ನಮ್ಮ ಪದ್ಧತಿ. ಇದನ್ನು ಆರ್ಡರ್ ಪಡೆಯುವಾಗಲೇ ಬರೆದು ಕಳಿಸುತ್ತೇವೆ. ಒಬ್ಬರು ಮೂರು ಬಾರಿ ಅದೇ ಹಳೆಯ ಚಿತ್ರ ಕಳಿಸಿದರು. ನಾಲ್ಕನೆಯ ಬಾರಿ ಅವರಿಗೆ ಮಾರಲಿಲ್ಲ. ಎಲ್ಲ ಗಿರಾಕಿಗಳೂ ದೇವರಲ್ಲ.

ಏಳನೆಯ ಹೆಜ್ಜೆ: ಕೈಗಳು ಹೆಚ್ಚುವಾಗ

ದಿನಕ್ಕೆ ಹತ್ತು ಪಾರ್ಸಲ್ ದಾಟಿದರೆ 250 ರೊಟ್ಟಿ. ಒಬ್ಬರ ಕೈಯಿಂದ ಆಗದು. ನಮ್ಮ ಓಣಿಯ ಮೂವರು ಬಡಿಯಲು ಒಪ್ಪಿದರು. ಮೂವರ ರೊಟ್ಟಿ ಮೂರು ಬಗೆ. ಒಬ್ಬರದು ಕಾಗದದಂತೆ ತೆಳು, ಇನ್ನೊಬ್ಬರದು ಹೊಲಕ್ಕೆ ಬುತ್ತಿ ಕಟ್ಟುವಷ್ಟು ದಪ್ಪ. ನಾನು 24 ಸೆಂ.ಮೀ. ಸ್ಟೀಲ್ ತಟ್ಟೆ ತಂದು, ಇದರ ಅಳತೆಗೆ ಬಡಿಯಿರಿ ಎಂದೆ. ಹಿರಿಯರಾದ ದೊಡ್ಡವ್ವನಿಗೆ ಸಿಟ್ಟು ಬಂತು. "ಐವತ್ತು ವರ್ಷದಿಂದ ಬಡಿಯುತ್ತಿದ್ದೇನೆ ತಂಗಿ, ಈಗ ನೀನು ತಟ್ಟೆ ಹಿಡಿದು ಅಳತೆ ಕಲಿಸುತ್ತೀಯಾ?" ಎಂದು ಎದ್ದು ನಿಂತರು. ಮರುದಿನ ತಟ್ಟೆ ಬಿಟ್ಟು ಡಬ್ಬವನ್ನೇ ಒಯ್ದೆ. ಏನೂ ಹೇಳದೆ ಒಲೆಯ ಬದಿಗೆ ಇಟ್ಟೆ. ಅವರ ರೊಟ್ಟಿ ಡಬ್ಬದೊಳಗೆ ಇಳಿಯಲಿಲ್ಲ, ಅಂಚು ಮುರಿಯಿತು. ಅವರು ಒಂದು ಕ್ಷಣ ಡಬ್ಬವನ್ನು ನೋಡಿದರು, "ಪೆಟ್ಟಿಗೆಯೇ ಸಣ್ಣದು" ಎಂದರು, ಮುಂದಿನ ಹಿಟ್ಟಿನ ಉಂಡೆಯಿಂದ ಒಂದು ಚಿಟಿಕೆ ಕಿತ್ತು ಪಕ್ಕಕ್ಕಿಟ್ಟರು. ಅಂದಿನಿಂದ ಉಳಿದಿಬ್ಬರಿಗೆ ಅಳತೆ ಹೇಳುವವರು ಅವರೇ.

ಪ್ರತಿಯೊಬ್ಬರ ಕಟ್ಟಿಗೂ 1, 2, 3 ಎಂದು ಚೀಟಿ ಇರಲಿ. ದೂರು ಬಂದರೆ ಯಾರದೆಂದು ತಿಳಿಯುತ್ತದೆ, ಮೂವರ ಮೇಲೂ ಅನುಮಾನ ಬೀಳುವುದಿಲ್ಲ. ಕೂಲಿ ವಾರಕ್ಕೊಮ್ಮೆ, ತಪ್ಪದೆ. ನಿಮ್ಮ ಹಣ ಬರುವುದು ತಡವಾದರೂ ಅವರದ್ದು ತಡವಾಗಬಾರದು. ಜೋಳ ಒಂದೇ ಕಡೆಯದಿರಲಿ, ನಾವು ಹಿಂಗಾರಿ ಮಾಲದಂಡಿ ತಳಿಯನ್ನೇ ಹಿಡಿದಿದ್ದೇವೆ. ಹಿಟ್ಟನ್ನು ವಾರಕ್ಕಾಗುವಷ್ಟು ಮಾತ್ರ ಬೀಸಿಸುತ್ತೇವೆ, ಹಳತಾದರೆ ಜಿಗುಟು ಹೋಗಿ ರೊಟ್ಟಿ ಬಿರಿಯುತ್ತದೆ. ರೊಟ್ಟಿ ಮಾಡುವ ಯಂತ್ರ ಕೊಳ್ಳಿ, ಸಬ್ಸಿಡಿ ಸಿಗುತ್ತದೆ ಎಂದು ವರ್ಷಕ್ಕೆ ಇಬ್ಬರಾದರೂ ಬಂದು ಹೇಳುತ್ತಾರೆ. ಸಬ್ಸಿಡಿಗಾಗಿ ಯಂತ್ರ ಕೊಳ್ಳಬಾರದು. ದಿನವೂ ಆರ್ಡರ್ ಬಿಟ್ಟುಕೊಡಬೇಕಾದ ಸ್ಥಿತಿ ಬಂದಾಗ ಕೊಳ್ಳಬೇಕು.

ಹಬ್ಬಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಿ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಎಡೆ ಚೆಲ್ಲುವ ಚರಗಕ್ಕೆ ಹಿಂಡಿಗಳು, ನಾಗರ ಪಂಚಮಿಗೆ ಉಂಡಿ. ಪಂಚಮಿಗೆ ಹತ್ತು ದಿನ ಮೊದಲೇ ಆರ್ಡರ್ ಮುಚ್ಚುತ್ತೇವೆ. ಹಬ್ಬ ಮುಗಿದ ಮೇಲೆ ತಲುಪುವ ಉಂಡಿಗಿಂತ ಬೇಡ ಎಂದು ಹೇಳುವುದು ಮೇಲು.

ಎಂಟನೆಯ ಹೆಜ್ಜೆ: ಬೇರು ಬಿಡುವುದು

ದೊಡ್ಡ ಮಾರಾಟ ತಾಣಗಳಿಗೆ ಸೇರುವುದು ಈ ಹಂತದಲ್ಲಿ. ಅವರ ಕಮಿಷನ್, ಸಾಗಣೆ, ವಾಪಸಾತಿ ಎಲ್ಲ ಕಳೆದ ಮೇಲೂ ಡಬ್ಬದ ಲೆಕ್ಕ ಗಿಟ್ಟಿದರೆ ಮಾತ್ರ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಇಲ್ಲದ ಸಣ್ಣವರೂ ರಾಜ್ಯದೊಳಗೆ ಇಂಥ ತಾಣಗಳ ಮೂಲಕ ಮಾರಬಹುದು, ಅದಕ್ಕೊಂದು ದಾಖಲಾತಿ ಸಂಖ್ಯೆ ಪಡೆಯಬೇಕು. ನನ್ನ ಅಭಿಪ್ರಾಯ ಕೇಳಿದರೆ, ಅಲ್ಲಿ ಬಂದ ಗಿರಾಕಿ ತಾಣದ ಗಿರಾಕಿ, ನಿಮ್ಮವರಲ್ಲ. ಅವರ ಫೋನ್ ನಂಬರ್ ನಿಮಗೆ ಸಿಗುವುದಿಲ್ಲ.

ಹೆಸರು ನಾಲ್ಕು ಜನರ ಬಾಯಲ್ಲಿ ಬಂದಿದ್ದರೆ ಟ್ರೇಡ್‌ಮಾರ್ಕ್ ಮಾಡಿಸಿ. ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ (ಸರಕುಗಳ ಒಂದು ಗುಂಪಿಗೆ) ಸರ್ಕಾರಿ ಶುಲ್ಕ 9,000 ರೂಪಾಯಿ. ಒಬ್ಬರೇ ಮಾಲೀಕರಿದ್ದರೆ ಅಥವಾ ಉದ್ಯಮ್ ನೋಂದಣಿಯ ಸಣ್ಣ ಉದ್ದಿಮೆಯಾದರೆ 4,500. ರೊಟ್ಟಿ, ಮಸಾಲೆಗಳು 30ನೆಯ ವರ್ಗದಲ್ಲಿ ಬರುತ್ತವೆ. ದುಡಿಯುವ ಬಂಡವಾಳ ಬೇಕಾದರೆ ಮುದ್ರಾ ಸಾಲ: ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ. ಬ್ಯಾಂಕಿನವರು ನೋಡುವುದು ನಿಮ್ಮ ಕನಸನ್ನಲ್ಲ, ಆ ಪ್ರತ್ಯೇಕ ಖಾತೆಯ ಒಂದು ವರ್ಷದ ಹಾಳೆಗಳನ್ನು.

ಇಲ್ಲಿಯವರೆಗೆ ಬಂದವರಿಗೆ ದೊಡ್ಡ ಊರಿನ ಅಂಗಡಿಗಳು ಸಗಟು ಮಾಲು ಕೇಳುತ್ತವೆ, ಅದರೊಂದಿಗೆ ಉದ್ರಿ ಬರುತ್ತದೆ. ಒಂದು ಅಂಗಡಿಗೆ ನಾನು 38,000 ರೂಪಾಯಿಯ ಮಾಲು ಕೊಟ್ಟು ಐದು ತಿಂಗಳು ಅಲೆದೆ. ತಯಾರಕರಾಗಿ ಉದ್ಯಮ್ ನೋಂದಣಿ ಇದ್ದರೆ ಕಾನೂನು ನಿಮ್ಮ ಕಡೆಗಿದೆ: ಬರವಣಿಗೆಯ ಒಪ್ಪಂದವಿಲ್ಲದಿದ್ದರೆ 15 ದಿನ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದೊಳಗೆ ಕೊಳ್ಳುವವರು ಹಣ ಕೊಡಬೇಕು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮುದ್ರಿಸಿ, ಕೆಳಗೆ ಗಡುವು ಬರೆಯಿರಿ. ಹಾಗೆ ಬರೆದ ಮೇಲೆ ನಮ್ಮ ಉದ್ರಿ ಅರ್ಧಕ್ಕಿಳಿದಿದೆ. ಹಳೆಯ ಬಾಕಿ ತೀರದೆ ಹೊಸ ಮಾಲು ಕೊಡಬೇಡಿ, ಎಷ್ಟೇ ನಯವಾಗಿ ಕೇಳಿದರೂ.

ವ್ಯಾಪಾರ ತನ್ನ ಕಾಲ ಮೇಲೆ ನಿಂತಿದೆಯೇ ಎಂದು ನೋಡಲು ನಾನು ಮಾಡಿದ ಪರೀಕ್ಷೆ ಒಂದು ಮದುವೆ. ಜಮಖಂಡಿಯಲ್ಲಿ ನಾಲ್ಕು ದಿನದ ಮದುವೆ. ವ್ಯಾಪಾರದ ಫೋನನ್ನೂ ನೋಟ್‌ಬುಕ್ಕನ್ನೂ ವೈನಿಯ ಕೈಗೆ ಕೊಟ್ಟು, ಹೇಗೆ ಮಾಡಬೇಕೆಂಬುದನ್ನು ಎರಡು ಪುಟ ಬರೆದಿಟ್ಟು ಹೋದೆ. ನಾಲ್ಕು ದಿನದಲ್ಲಿ 41 ಪಾರ್ಸಲ್ ಹೋದವು, ಮೂರು ತಪ್ಪಿದವು. ಒಂದು ಅದೇ ಹೆಸರಿನ ಬೇರೆ ಗಿರಾಕಿಗೆ, ಒಂದು ಹಳೆಯ ವಿಳಾಸಕ್ಕೆ, ಒಂದರಲ್ಲಿ ಅಗಸಿ ಹಿಂಡಿಯ ಜಾಗದಲ್ಲಿ ಎರಡು ಗುರೆಳ್ಳು. ಮರಳಿ ಬಂದ ಮೇಲೆ ಆ ಎರಡು ಪುಟದ ಕೆಳಗೆ ವೈನಿಯೇ ತಮ್ಮ ಅಕ್ಷರದಲ್ಲಿ ಮೂರು ಸಾಲು ಸೇರಿಸಿದರು: ಹೆಸರಿನ ಮುಂದೆ ಫೋನಿನ ಕೊನೆಯ ನಾಲ್ಕು ಅಂಕಿ ಬರೆಯುವುದು. ಹಳೆಯ ಗಿರಾಕಿಯಾದರೂ ಪಿನ್‌ಕೋಡ್ ಕೇಳಿ ತಿಳಿಯುವುದು. ಮುಚ್ಚುವ ಮೊದಲು ನಾಲ್ಕು ಮೂಲೆಯ ಚಿತ್ರ ತೆಗೆಯುವುದು.